ಏರ್ ಆಂಬುಲೆನ್ಸ್ ಹೆಲಿಕಾಪ್ಟರ್ ಹಾರಿಸುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಏರ್ ಆಂಬುಲೆನ್ಸ್ ಹೆಲಿಕಾಪ್ಟರ್ ಪೈಲಟ್. ಹೀಗಂದ ಕೂಡಲೇ ಎದುರಿಗಿದ್ದವರಿಂದ ಒಂದಲ್ಲ ಒಂದು ಪ್ರಶ್ನೆ ಬರುತ್ತದೆ. ಕೆಲವರಿಗೆ ಈ ಕೆಲಸಕ್ಕೆ ಸೇರುವ ಆಸೆ. ಕೆಲವರಿಗೆ ಮಗನೋ ಮಗಳೋ ಸೇರುತ್ತೇನೆ ಅನ್ನುತ್ತಿದ್ದಾರಲ್ಲ ಅನ್ನುವ ಚಿಂತೆ. ಇನ್ನು ಕೆಲವರು ತಮ್ಮವರನ್ನು ಹೆಲಿಕಾಪ್ಟರಿನಲ್ಲಿ ಕಳಿಸಿ, ನೆಲದ ಮೇಲೆ ನಿಂತು ನೋಡಿದವರು. ಅವರಿಗೆಲ್ಲ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಮೋಡ, ಗಾಳಿ, ತಂತಿ ಮಾತ್ರ ಎಲ್ಲ ಕಡೆ ಒಂದೇ.

ಪೈಲಟ್‌ಗೆ ವೈದ್ಯಕೀಯ ಗೊತ್ತಿರಬೇಕಾ?

ಬೇಡ. ರೋಗಿಯನ್ನು ನೋಡಿಕೊಳ್ಳಲು ಹಿಂದೆ ಡಾಕ್ಟರ್, ನರ್ಸ್ ಅಥವಾ ಪ್ಯಾರಾಮೆಡಿಕ್ ಇರುತ್ತಾರೆ. ಯಂತ್ರ, ಹವಾಮಾನ, ಇಂಧನ, ಇಳಿಯುವ ಜಾಗ, ಇಷ್ಟು ಪೈಲಟ್ ಪಾಲು. ಯುರೋಪಿನ ಹಲವು ಸೇವೆಗಳಲ್ಲಿ ಪೈಲಟ್ ಪಕ್ಕದ ಸೀಟಿನಲ್ಲಿ ತರಬೇತಿ ಪಡೆದ ಸಹಾಯಕರೊಬ್ಬರು ಕೂರುತ್ತಾರೆ. ಅವರು ದಾರಿ ನೋಡುತ್ತಾರೆ, ರೇಡಿಯೋ ನೋಡುತ್ತಾರೆ, ಇಳಿದ ಮೇಲೆ ಡಾಕ್ಟರಿಗೂ ಕೈಜೋಡಿಸುತ್ತಾರೆ. ಸ್ಟ್ರೆಚರ್ ಎತ್ತಲು ನಾವೂ ಹೋಗುತ್ತೇವೆ, ಆದರೆ ಚಿಕಿತ್ಸೆಗೆ ತಲೆ ಹಾಕುವುದಿಲ್ಲ.

ರೋಗಿಗೆ ಏನಾಗಿದೆ ಅಂತ ಪೈಲಟ್‌ಗೆ ಹೇಳುವುದೇ ಇಲ್ಲವಂತೆ, ನಿಜಾನಾ?

ಹಲವು ಸೇವೆಗಳಲ್ಲಿ ನಿಜ. ಹೊರಡುವ ತೀರ್ಮಾನ ಆಗುವವರೆಗೆ ಹೇಳುವುದಿಲ್ಲ. ಎಲ್ಲಿಂದ, ಎಲ್ಲಿಗೆ, ರೋಗಿಯ ತೂಕ ಎಷ್ಟು, ಇಷ್ಟೇ ಮಾಹಿತಿ ಬರುತ್ತದೆ. ಹೋಗಬಹುದಾ ಇಲ್ಲವಾ ಅಂತ ನಾನು ಹೇಳಬೇಕು.

ಮೊದಲ ಸಲ ಕೇಳಿದವರಿಗೆ ಇದು ಕಲ್ಲು ಮನಸ್ಸಿನ ಪದ್ಧತಿ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಫೋನ್ ಎತ್ತಿದಾಗ, ಆ ಕಡೆಯವರು ಅವಸರದಲ್ಲಿ "ಪುಟ್ಟ ಮಗು, ನೀರಿಗೆ ಬಿದ್ದಿದೆ" ಅಂದುಬಿಟ್ಟರು. ಹವಾಮಾನ ನೋಡಿದ್ದು ಆಮೇಲೆ. ಮೋಡದ ತಳ ಸರಿಯಾಗಿ ನಮ್ಮ ಮಿತಿಯ ಅಂಚಿನಲ್ಲಿತ್ತು, ಕತ್ತಲಾಗುತ್ತಿತ್ತು. ಬೇರೆ ದಿನವಾಗಿದ್ದರೆ ಬೇಡ ಅನ್ನುತ್ತಿದ್ದೆ. ಅವತ್ತು ಹೊರಟೆ. ಎಂಟು ನಿಮಿಷ ಹಾರುವಷ್ಟರಲ್ಲಿ ಎದುರಿನ ಗುಡ್ಡದ ತಲೆ ಮಾಯವಾಗಿತ್ತು. ಹಿಂದಿನಿಂದ ನರ್ಸ್, "ಸರ್, ನನಗೆ ಕೆಳಗಿನ ದೀಪಗಳೂ ಕಾಣ್ತಿಲ್ಲ. ವಾಪಸ್ ಹೋಗೋಣ" ಅಂದರು. ತಿರುಗಿಸಿದೆ.

ಮಗುವನ್ನು ರಸ್ತೆ ಆಂಬುಲೆನ್ಸಿನಲ್ಲೇ ಕರೆದುಕೊಂಡು ಹೋದರು. ನಾವು ಬರುತ್ತೇವೆ ಅಂತ ಆ ಆಂಬುಲೆನ್ಸ್ ಅಲ್ಲೇ ಕಾಯುತ್ತ ನಿಂತಿತ್ತು. ಮೊದಲೇ ಆಗಲ್ಲ ಅಂದಿದ್ದರೆ ಅಷ್ಟು ಹೊತ್ತಿಗೆ ಅರ್ಧ ದಾರಿ ಹೋಗಿರುತ್ತಿತ್ತು. ಒಳ್ಳೆಯ ಮನಸ್ಸಿನಿಂದ ನಾನು ಅಂದ ಹೂಂ ಆ ಮಗುವಿನ ಸಮಯವನ್ನೇ ತಿಂದಿತ್ತು. ಅವತ್ತಿನಿಂದ ಫೋನಿನಲ್ಲಿ ಯಾರಾದರೂ ರೋಗಿಯ ಬಗ್ಗೆ ಹೇಳಲು ಶುರು ಮಾಡಿದರೆ "ದಯವಿಟ್ಟು ಬೇಡ, ಜಾಗ ಹೇಳಿ ಸಾಕು" ಅನ್ನುತ್ತೇನೆ.

ಹಾರಲ್ಲ ಅಂದರೆ ಮೇಲಿನವರು ಬೈಯುವುದಿಲ್ವಾ?

ಸರಿಯಾದ ಕಡೆ ಬೈಯುವುದಿಲ್ಲ. ಬೈಯುವ ಕಡೆ ಕೆಲಸ ಮಾಡಬೇಡಿ ಅಂತಲೇ ನಾನು ಹೊಸಬರಿಗೆ ಹೇಳುವುದು.

ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಹೋಗಬೇಕಾದರೆ ತಂಡದ ಎಲ್ಲರೂ ಒಪ್ಪಬೇಕು, ನಿಲ್ಲಿಸಲು ಒಬ್ಬರು ಸಾಕು. ಆ ಒಬ್ಬರು ಕಾರಣ ಕೊಡಬೇಕಾಗಿಲ್ಲ. ನಿನ್ನೆ ಸೇರಿದ ನರ್ಸ್‌ಗೂ ಈ ಹಕ್ಕಿದೆ. ಹೊರಡುವ ಮುಂಚೆ ಅಪಾಯದ ಲೆಕ್ಕದ ಹಾಳೆಯೊಂದನ್ನೂ ತುಂಬುತ್ತೇವೆ. ರಾತ್ರಿಯಾ, ಗುಡ್ಡಗಾಡಾ, ಪೈಲಟ್ ಹೊಸಬರಾ, ನಿದ್ದೆ ಆಗಿದೆಯಾ, ಹೀಗೆ ಒಂದೊಂದಕ್ಕೂ ಅಂಕ. ಮೊತ್ತ ಒಂದು ಗೆರೆ ದಾಟಿದರೆ ನಾನೊಬ್ಬನೇ ತೀರ್ಮಾನ ಮಾಡುವ ಹಾಗಿಲ್ಲ, ಮೇಲಿನವರ ಜೊತೆ ಮಾತಾಡಲೇಬೇಕು.

ಒಂದು ಕೆಟ್ಟ ಅಭ್ಯಾಸದ ಬಗ್ಗೆಯೂ ಹೇಳಬೇಕು. ಒಂದು ಸೇವೆಯವರು ಹವಾಮಾನ ಸರಿಯಿಲ್ಲ ಅಂದರೆ, ಕೆಲವರು ಅದನ್ನು ಮುಚ್ಚಿಟ್ಟು ಇನ್ನೊಂದು ಸೇವೆಗೆ ಫೋನ್ ಮಾಡುತ್ತಾರೆ. ಅವರೂ ಒಲ್ಲೆ ಅಂದರೆ ಮೂರನೆಯವರಿಗೆ. ಹೀಗೆ ಯಾರಾದರೂ ಒಪ್ಪುವವರೆಗೆ. ಅದಕ್ಕೇ ಕರೆ ಬಂದಾಗ ನಮ್ಮ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: "ಇದಕ್ಕೆ ಬೇರೆ ಯಾರಾದರೂ ಆಗಲ್ಲ ಅಂದಿದ್ದಾರಾ?"

ಅಷ್ಟೊಂದು ಅಪಾಯಾನಾ ಈ ಕೆಲಸ?

ಅಪಾಯ ಇದೆ, ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ಈ ಸೇವೆಗಳಿಗೆ 2008 ತುಂಬಾ ಕೆಟ್ಟ ವರ್ಷ. ಒಂದರ ಹಿಂದೆ ಒಂದು ಅಪಘಾತವಾಗಿ ರೋಗಿಗಳು, ನರ್ಸ್‌ಗಳು, ಪೈಲಟ್‌ಗಳು ತೀರಿಕೊಂಡರು. 2009ರ ಫೆಬ್ರವರಿಯಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಎಲ್ಲರನ್ನೂ ಕರೆಸಿ ಬಹಿರಂಗ ವಿಚಾರಣೆ ನಡೆಸಿತು. 2014ರಲ್ಲಿ ಹೊಸ ನಿಯಮಗಳು ಬಂದವು. ಎದುರಿಗೆ ಗುಡ್ಡ ಇದ್ದರೆ ಎಚ್ಚರಿಸುವ ಸಾಧನ ಬೇಕು, ನೆಲದಿಂದ ಎಷ್ಟು ಎತ್ತರ ಅಂತ ರೇಡಿಯೋ ಅಲೆಯಿಂದ ಅಳೆಯುವ ಮೀಟರ್ ಬೇಕು, ಪೈಲಟ್‌ಗೆ ಉಪಕರಣ ನೋಡಿಯೇ ಹಾರುವ ಪರವಾನಗಿ ಬೇಕು ಅಂತಾಯಿತು.

ಅಪಘಾತದ ವರದಿಗಳನ್ನು ನಾನು ಬಿಡದೆ ಓದುತ್ತೇನೆ. ಮತ್ತೆ ಮತ್ತೆ ಕಾಣುವ ಕಥೆ ಒಂದೇ. ಯಂತ್ರ ಚೆನ್ನಾಗಿತ್ತು. ರಾತ್ರಿಯಾಗಿತ್ತು. ಹವಾಮಾನ ಕೆಟ್ಟಿತು. ಪೈಲಟ್ ತಿಳಿಯದೆ ಮೋಡದೊಳಗೆ ಹೋದರು.

ಮೋಡದೊಳಗೆ ಹೋದರೆ ಏನಾಗುತ್ತದೆ? ವಿಮಾನಗಳು ದಿನಾ ಹೋಗುತ್ತವಲ್ಲ?

ಹೋಗುತ್ತವೆ, ಆದರೆ ಮೊದಲೇ ತಯಾರಾಗಿ ಹೋಗುತ್ತವೆ. ತಯಾರಿಲ್ಲದೆ ಹೋಗುವುದು ಬೇರೆ.

ಕಣ್ಣಿಗೆ ನೆಲವೂ ಕಾಣದೆ ಆಕಾಶವೂ ಕಾಣದೆ ಹೋದಾಗ ಯಾವುದು ಮೇಲೆ ಯಾವುದು ಕೆಳಗೆ ಅಂತ ನಿಮಗೆ ಹೇಳುವುದು ಕಿವಿಯ ಒಳಗಿನ ದ್ರವ. ಅದು ಸುಳ್ಳು ಹೇಳುತ್ತದೆ. ನಿಧಾನವಾಗಿ ಬಲಕ್ಕೆ ವಾಲಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆಮೇಲೆ ನೆಟ್ಟಗೆ ಮಾಡಿದರೆ, ಎಡಕ್ಕೆ ಬೀಳುತ್ತಿದ್ದೇನೆ ಅಂತ ಇಡೀ ಮೈ ಕೂಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಪೈಲಟ್‌ಗಳನ್ನು ಇಂಥ ಸ್ಥಿತಿಯಲ್ಲಿ ಪರೀಕ್ಷಿಸಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡ್. ಅದು ರೆಕ್ಕೆಯ ವಿಮಾನದಲ್ಲಿ. ಹೆಲಿಕಾಪ್ಟರ್ ಅದಕ್ಕಿಂತ ಚಂಚಲ. ಆಟೋಪೈಲಟ್ ಇಲ್ಲದಿದ್ದರೆ ಕೈಬಿಟ್ಟ ಕ್ಷಣ ಎಲ್ಲಿಗೋ ತಿರುಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು, ಹೊರಗೆ ನೋಡುವುದನ್ನು ಬಿಡಬೇಕು. ಕಣ್ಣು ಉಪಕರಣದ ಮೇಲೆ. ಯಂತ್ರವನ್ನು ಸಮ ಮಾಡು, ದಿಕ್ಕು ಹಿಡಿ, ಶಕ್ತಿ ಏರಿಸು, ವೇಗ ಕಾಯ್ದುಕೋ, ಮೇಲೆ ಹೋಗು. ಸುತ್ತಲಿನ ಗುಡ್ಡಕ್ಕಿಂತ ಎತ್ತರ ಸೇರಿದ ಮೇಲೆ ರೇಡಿಯೋದಲ್ಲಿ ಸಹಾಯ ಕೇಳು. ಇಷ್ಟನ್ನು ಸಿಮ್ಯುಲೇಟರಿನಲ್ಲಿ ಬೇಸರ ಬರುವಷ್ಟು ಸಲ ಮಾಡುತ್ತೇವೆ. ಕೆಳಗೆ ಇಳಿದು ನೆಲ ಹುಡುಕೋಣ ಅನ್ನುವ ಆಸೆ ಬಹಳ ಜೋರಾಗಿ ಬರುತ್ತದೆ, ಜೀವ ತೆಗೆಯುವುದು ಆ ಆಸೆಯೇ.

ರಾತ್ರಿ ಹೇಗೆ ಕಾಣುತ್ತದೆ?

ಈಗ ಹೆಚ್ಚಿನ ಕಡೆ ನೈಟ್ ವಿಷನ್ ಗಾಗಲ್ ಹಾಕಿಕೊಂಡು ಹಾರುತ್ತೇವೆ. ಹೆಲ್ಮೆಟ್ಟಿಗೆ ಸಿಕ್ಕಿಸುವ ಜೋಡಿ ಕೊಳವೆಗಳು ಇವು. ನಕ್ಷತ್ರದ ಬೆಳಕನ್ನೂ ಸಾವಿರಾರು ಪಟ್ಟು ಹೆಚ್ಚಿಸಿ ತೋರಿಸುತ್ತವೆ. ಮೊದಲ ಸಲ ಹಾಕಿದಾಗ ಕತ್ತಲ ಬೆಟ್ಟಸಾಲು ಹಸಿರಾಗಿ ಎದ್ದು ನಿಂತಿತು. ಇಷ್ಟು ದಿನ ಇದ್ಯಾವುದೂ ಕಾಣದೆ ಇದರ ಮಧ್ಯೆಯೇ ಹಾರುತ್ತಿದ್ದೆನಾ ಅಂತ ನಿಜಕ್ಕೂ ಭಯವಾಯಿತು.

ಆದರೆ ಅದು ಹಗಲಲ್ಲ. ಕಾಣುವುದು ಸುಮಾರು 40 ಡಿಗ್ರಿ ಅಗಲ ಮಾತ್ರ, ಹಾಗಾಗಿ ತಲೆ ಸದಾ ಆಡಿಸುತ್ತಿರಬೇಕು. ಹತ್ತಿರ ದೂರದ ಅಂದಾಜು ತಪ್ಪುತ್ತದೆ. ತೆಳ್ಳಗಿನ ಮಂಜು ಗಾಗಲ್‌ನಲ್ಲಿ ಕಾಣದೇ ಹೋಗಬಹುದು. ತಂತಿಗಳಂತೂ ಕಾಣುವುದೇ ಇಲ್ಲ. ಅದಕ್ಕೆ ತಂತಿ ಹುಡುಕುವುದಿಲ್ಲ, ಕಂಬ ಹುಡುಕುತ್ತೇವೆ. ಒಂದು ಕಂಬ ಕಂಡರೆ ತಂತಿ ಇದ್ದೇ ಇದೆ ಅಂತ ಲೆಕ್ಕ.

ಎಲ್ಲಿ ಬೇಕಾದರೂ ಇಳಿಸಬಹುದಾ?

ಇಲ್ಲ. ಸುಮಾರು 30 ಮೀಟರ್ ಉದ್ದ, 30 ಮೀಟರ್ ಅಗಲದ ಸಮತಟ್ಟು ಜಾಗ ಬೇಕು ಅಂತ ಸಾಮಾನ್ಯವಾಗಿ ಕೇಳುತ್ತೇವೆ. ದೊಡ್ಡ ಯಂತ್ರವಾದರೆ ಇನ್ನೂ ಜಾಸ್ತಿ. ಇಳಿಯುವ ಮುಂಚೆ ಎತ್ತರದಲ್ಲಿ ಒಂದು ಸುತ್ತು ಹಾಕುತ್ತೇವೆ, ಅನುಮಾನವಿದ್ದರೆ ಎರಡು. ಕೆಳಗೆ ಕಾಯುವವರಿಗೆ ಸುಮ್ನೆ ಸುತ್ತುತ್ತಿದ್ದಾರೆ ಅನಿಸುತ್ತದೆ. ನಾವು ತಂತಿ, ಇಳಿಜಾರು, ಗಾಳಿಯ ದಿಕ್ಕು, ಸಡಿಲ ತಗಡು, ಓಡಾಡುವ ದನ ನಾಯಿ ಇವನ್ನೆಲ್ಲ ನೋಡುತ್ತಿರುತ್ತೇವೆ. ಇಲ್ಲಿಂದ ಮತ್ತೆ ಹೊರಡುವುದು ಹೇಗೆ ಅಂತಲೂ ಯೋಚಿಸುತ್ತಿರುತ್ತೇವೆ.

ಒಣ ಮಣ್ಣಿನಲ್ಲಿ ಕೊನೆಯ ಹತ್ತು ಮೀಟರ್ ಕಷ್ಟ. ಮೇಲೆ ತಿರುಗುವ ರೆಕ್ಕೆಯ ಗಾಳಿಗೆ ಧೂಳು ಎದ್ದು ನೆಲ ಮುಚ್ಚಿಹೋಗುತ್ತದೆ. ಹಿಮದಲ್ಲೂ ಇದೇ ಪಾಡು. ಕಣ್ಣಿಗೆ ಒಂದು ಗುರುತು ಇಟ್ಟುಕೊಳ್ಳಬೇಕು, ಒಂದು ಕಲ್ಲೋ ಒಂದು ಪೊದೆಯೋ. ಅದು ಕಾಣದಾದರೆ ತಕ್ಷಣ ಮೇಲೆ.

ರೋಗಿಯ ತೂಕ ಯಾಕೆ ಕೇಳುತ್ತಾರೆ?

ಪ್ರತಿ ಕಿಲೋವೂ ಲೆಕ್ಕ. ಎಚ್145 ಅನ್ನುವ ಹೆಲಿಕಾಪ್ಟರನ್ನೇ ತೆಗೆದುಕೊಳ್ಳಿ, ಜಗತ್ತಿನ ಎಷ್ಟೋ ಸೇವೆಗಳು ಬಳಸುವ ಯಂತ್ರ. ಐದು ರೆಕ್ಕೆಯ ಹೊಸ ಮಾದರಿಯ ಗರಿಷ್ಠ ತೂಕ 3,800 ಕಿಲೋ. ಆ ಲೆಕ್ಕದೊಳಗೆ ಯಂತ್ರ, ಉಪಕರಣ, ಆಮ್ಲಜನಕ, ಜನ, ಇಂಧನ ಎಲ್ಲ ಬರಬೇಕು. ಬಿಸಿಲು ಹೆಚ್ಚಾದರೆ, ಜಾಗ ಎತ್ತರದಲ್ಲಿದ್ದರೆ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್‌ಗೂ ಉಸಿರು ಕಡಿಮೆ. ಬೆಳಿಗ್ಗೆ ಎತ್ತಿದ ತೂಕವನ್ನೇ ಮಧ್ಯಾಹ್ನ ಎತ್ತಲು ಆಗದಿರಬಹುದು. ತಂಡದಲ್ಲಿ ಎಲ್ಲರ ತೂಕವೂ ಎಲ್ಲರಿಗೂ ಗೊತ್ತಿರುತ್ತದೆ, ಅದರಲ್ಲಿ ನಾಚಿಕೆ ಇಲ್ಲ.

ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತದಾ?

ಇಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತ ಇರುತ್ತದೆ. ಪೈಲಟ್ ಕೂಡಲೇ ಎಡಗೈಯ ಹಿಡಿಯನ್ನು ಕೆಳಗೆ ಒತ್ತಿ, ರೆಕ್ಕೆಯ ವೇಗ ಉಳಿಸಿಕೊಂಡು ಇಳಿಸಬಹುದು. ಇದಕ್ಕೆ ಆಟೋರೊಟೇಷನ್ ಅನ್ನುತ್ತಾರೆ. ಕಲಿಯುವ ದಿನಗಳಿಂದಲೇ ಅಭ್ಯಾಸ ಮಾಡಿಸುತ್ತಾರೆ. ಎರಡು ಎಂಜಿನ್ ಇರುವ ಯಂತ್ರಗಳಲ್ಲಿ ಒಂದು ನಿಂತರೂ ಇನ್ನೊಂದು ಇರುತ್ತದೆ.

ರೋಗಿ ಒಳಗಿದ್ದಾಗ ಹಾರಿಸುವ ರೀತಿ ಬದಲಾಗುತ್ತದಾ?

ಸ್ವಲ್ಪ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಮೈಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. 8,000 ಅಡಿಯಲ್ಲಿ ಅದು ಸಮುದ್ರಮಟ್ಟದಲ್ಲಿದ್ದದ್ದಕ್ಕಿಂತ ಮೂರನೇ ಒಂದು ಪಾಲಿನಷ್ಟು ಜಾಸ್ತಿಯಾಗುತ್ತದೆ. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡವರಿಗೆ ಇದು ಪ್ರಾಣಕ್ಕೇ ಕುತ್ತು. ಹಾಗಾಗಿ ಡಾಕ್ಟರ್ "ಆದಷ್ಟು ಕೆಳಗೇ ಇರೋಣ" ಅನ್ನುತ್ತಾರೆ. ಗುಡ್ಡ ದಾಟಬೇಕಾದರೆ ಸುತ್ತಿ ಹೋಗಬೇಕಾ ಅಂತ ಇಬ್ಬರೂ ಮಾತಾಡಿಕೊಳ್ಳುತ್ತೇವೆ. ಸಾವಿರ ಅಡಿಗೆ ಸುಮಾರು 2 ಡಿಗ್ರಿ ಚಳಿ ಹೆಚ್ಚುತ್ತದೆ, ರಕ್ತ ಹೋದವರಿಗೆ ಚಳಿ ಒಳ್ಳೆಯದಲ್ಲ. ಸದ್ದು ಎಷ್ಟೆಂದರೆ ಸ್ಟೆತಸ್ಕೋಪ್ ಕೆಲಸಕ್ಕೆ ಬರುವುದಿಲ್ಲ. ಹಿಂದಿನವರು ಮಾನಿಟರ್ ಮತ್ತು ತಮ್ಮ ಕೈ ನಂಬಿಯೇ ಕೆಲಸ ಮಾಡುತ್ತಾರೆ. ಅವರ ಬಗ್ಗೆ ನನಗಿರುವ ಗೌರವ ಹೇಳಿ ಮುಗಿಯುವುದಿಲ್ಲ.

ಹೆಲಿಕಾಪ್ಟರ್ ಯಾವಾಗಲೂ ಬೇಗ ತಲುಪಿಸುತ್ತದಾ?

ಇಲ್ಲ. ಗಂಟೆಗೆ 220ರಿಂದ 250 ಕಿಲೋಮೀಟರ್ ವೇಗ ಇರುವುದು ನಿಜ. ಆದರೆ ಎಂಜಿನ್ ಶುರು ಮಾಡಬೇಕು, ಜಾಗ ಹುಡುಕಬೇಕು, ರೋಗಿಯನ್ನು ಕಟ್ಟಿ ಒಳಗಿಡಬೇಕು. ಆಸ್ಪತ್ರೆ ಹತ್ತಿರವಿದ್ದರೆ ರಸ್ತೆಯೇ ಬೇಗ. ದೂರ ಹೆಚ್ಚಿದ್ದಾಗ, ದಾರಿ ಕೆಟ್ಟಿದ್ದಾಗ, ಅಥವಾ ಹತ್ತಿರದ ಆಸ್ಪತ್ರೆಯಲ್ಲಿ ಇಲ್ಲದ ತಜ್ಞರನ್ನೇ ರೋಗಿಯ ಬಳಿಗೆ ಒಯ್ಯಬೇಕಾದಾಗ ನಾವು ಉಪಯೋಗಕ್ಕೆ ಬರುತ್ತೇವೆ. ಎಷ್ಟೋ ಹಾರಾಟಗಳು ಅಪಘಾತದ ಜಾಗಕ್ಕಲ್ಲ, ಸಣ್ಣ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ.

ಇದು ಶುರುವಾಗಿದ್ದು ಹೇಗೆ?

ಯುದ್ಧದಲ್ಲಿ. 1944ರ ಏಪ್ರಿಲ್‌ನಲ್ಲಿ ಬರ್ಮಾದ ಕಾಡಿನಿಂದ ಕಾರ್ಟರ್ ಹಾರ್ಮನ್ ಅನ್ನುವ ಅಮೆರಿಕನ್ ಪೈಲಟ್ ಗಾಯಾಳು ಸೈನಿಕರನ್ನು ಸಿಕೋರ್ಸ್ಕಿ ಹೆಲಿಕಾಪ್ಟರಿನಲ್ಲಿ ಹೊರತಂದರು. ಆ ಯಂತ್ರಕ್ಕೆ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಎತ್ತುವ ಶಕ್ತಿ. ಸೆಖೆಗೆ ಎಂಜಿನ್ ಕಾಯುತ್ತಿತ್ತು. ಒಬ್ಬೊಬ್ಬರನ್ನೇ ಬಿಟ್ಟು ಮತ್ತೆ ಹೋದರು. ಕೊರಿಯಾ ಯುದ್ಧದಲ್ಲಿ ಬೆಲ್ ಹೆಲಿಕಾಪ್ಟರಿನ ಹೊರಗೆ ಎರಡೂ ಪಕ್ಕ ಸ್ಟ್ರೆಚರ್ ಕಟ್ಟಿ ಸಾಗಿಸುತ್ತಿದ್ದರು. ವಿಯೆಟ್ನಾಂನಲ್ಲಿ ಮೇಜರ್ ಚಾರ್ಲ್ಸ್ ಕೆಲ್ಲಿ ಗುಂಡಿನ ಮಳೆಯ ನಡುವೆ ಇಳಿದಾಗ, ಹೊರಟುಹೋಗಿ ಅಂತ ಕೆಳಗಿನವರು ಹೇಳಿದರು. "ನಿಮ್ಮ ಗಾಯಾಳುಗಳು ಹತ್ತಿದ ಮೇಲೆ" ಅಂದರು ಅವರು. ಅದೇ ಹೊತ್ತಿಗೆ ಗುಂಡು ತಗುಲಿ ತೀರಿಕೊಂಡರು. ಅದು 1964ರ ಜುಲೈ 1. ಆ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಅದು ರಣರಂಗದ ಲೆಕ್ಕ. ನಮ್ಮ ಕೆಲಸಕ್ಕೆ ಬಂದ ಹುಡುಗರು ಅದನ್ನೇ ಮಾದರಿ ಮಾಡಿಕೊಂಡರೆ ನನಗೆ ಹೆದರಿಕೆಯಾಗುತ್ತದೆ. ನಮ್ಮ ಹಿಂದೆ ಕೂತ ನರ್ಸ್ ಸೈನಿಕರಲ್ಲ.

ನಾಗರಿಕರ ಸೇವೆಗೆ ದಾರಿ ಹಾಕಿದವುಗಳಲ್ಲಿ 1952ರಲ್ಲಿ ಹುಟ್ಟಿದ ಸ್ವಿಟ್ಜರ್ಲೆಂಡಿನ ರೆಗಾ ಇದೆ, 1970ರ ನವೆಂಬರ್ 1ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಶುರುವಾದ ಕ್ರಿಸ್ಟೋಫ್ 1 ಅನ್ನುವ ಹೆಲಿಕಾಪ್ಟರ್ ಇದೆ, 1972ರಲ್ಲಿ ಡೆನ್ವರ್‌ನ ಆಸ್ಪತ್ರೆಯೊಂದು ಶುರು ಮಾಡಿದ ಸೇವೆ ಇದೆ.

ಪೈಲಟ್ ಆಗಲು ಎಷ್ಟು ಗಂಟೆ ಹಾರಿರಬೇಕು?

ಲೈಸೆನ್ಸಿಗೆ ಬೇಕಾದದ್ದು ಬೇರೆ, ಈ ಕೆಲಸಕ್ಕೆ ಬೇಕಾದದ್ದು ಬೇರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕಮರ್ಷಿಯಲ್ ಹೆಲಿಕಾಪ್ಟರ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 150 ಗಂಟೆ ಹಾರಿರಬೇಕು. ಮಾನ್ಯತೆ ಪಡೆದ ಕೋರ್ಸ್ ಆದರೆ 100 ಸಾಕು. ಆದರೆ ಆ 150 ಗಂಟೆ ಹಿಡಿದು ಬಂದವರನ್ನು ಯಾರೂ ರಾತ್ರಿ ಗುಡ್ಡದ ಮಧ್ಯೆ ರೋಗಿಯನ್ನು ತರಲು ಕಳಿಸುವುದಿಲ್ಲ. ಸಾಮಾನ್ಯವಾಗಿ 2,000 ಗಂಟೆಯ ಆಸುಪಾಸು ಕೇಳುತ್ತಾರೆ. ಅದರಲ್ಲಿ ರಾತ್ರಿ ಹಾರಿದ ಅನುಭವವೂ ಇರಬೇಕು. ಕೆಲವರು ಸೈನ್ಯದಿಂದ ಬರುತ್ತಾರೆ. ಉಳಿದವರು ಪಾಠ ಹೇಳಿಕೊಡುತ್ತ, ಪ್ರವಾಸಿಗರನ್ನು ಸುತ್ತಿಸುತ್ತ, ಸಮುದ್ರದ ತೈಲ ಬಾವಿಗಳಿಗೆ ಕೆಲಸಗಾರರನ್ನು ಒಯ್ಯುತ್ತ ಗಂಟೆ ಕೂಡಿಸುತ್ತಾರೆ. ಆ ವರ್ಷಗಳು ದಂಡ ಅಂತ ಅಂದುಕೊಳ್ಳಬೇಡಿ. ಮೋಡ ಓದುವುದನ್ನು ನಾನು ಕಲಿತದ್ದು ಆಗಲೇ.

ಕನ್ನಡಕ ಇದ್ದರೆ ಆಗುತ್ತದಾ?

ಆಗುತ್ತದೆ. ಕನ್ನಡಕ ಹಾಕಿ ನೋಟ ಸರಿಯಾದರೆ ಸಾಕು, ಇನ್ನೊಂದು ಜೊತೆ ಕೈಯಲ್ಲಿರಬೇಕು. ಬಣ್ಣ ಗುರುತಿಸುವ ಪರೀಕ್ಷೆ ಬೇರೆ ಇದೆ. ದುಡ್ಡು ಖರ್ಚು ಮಾಡುವ ಮುಂಚೆಯೇ, ಕಮರ್ಷಿಯಲ್ ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ.

ಒಂದು ಪಾಳಿ ಹೇಗಿರುತ್ತದೆ?

ಹೆಚ್ಚಾಗಿ 12 ಗಂಟೆ. ಹಿಂದಿನ ಪಾಳಿಯವರು ಏನಾಯಿತು ಅಂತ ಹೇಳಿ ಹೋಗುತ್ತಾರೆ. ಟಾರ್ಚ್ ಹಿಡಿದು ಯಂತ್ರದ ಸುತ್ತ ಬರುತ್ತೇನೆ. ಎಣ್ಣೆ ಸೋರಿದೆಯಾ, ಬೋಲ್ಟ್ ಸಡಿಲವಾಗಿದೆಯಾ, ರೆಕ್ಕೆಯಲ್ಲಿ ಸೀಳಿದೆಯಾ. ಹವಾಮಾನ ನೋಡಿ, ತಂಡದ ಜೊತೆ ಕೂತು ಇವತ್ತು ಯಾವ ದಿಕ್ಕಿಗೆ ಹೋಗಬಹುದು, ಯಾವ ದಿಕ್ಕಿಗೆ ಬೇಡ ಅಂತ ಮಾತಾಡುತ್ತೇವೆ. ಕರೆ ಬಂದ ಮೇಲೆ ಯೋಚಿಸುವುದಕ್ಕಿಂತ ಇದು ಒಳ್ಳೆಯದು. ಆಮೇಲೆ ಕಾಯುವುದು. ಕೆಲವು ದಿನ ಒಂದೂ ಕರೆ ಇಲ್ಲ, ಕೆಲವು ದಿನ ಊಟಕ್ಕೆ ಬಿಡುವಿಲ್ಲ. ಮಧ್ಯರಾತ್ರಿ ಗಾಢ ನಿದ್ದೆಯಿಂದ ಎದ್ದು ಕೆಲವೇ ನಿಮಿಷಕ್ಕೆ ಹಾರಬೇಕಾಗಬಹುದು. ಆಗ ಎದ್ದವನ ಬುದ್ಧಿ ಪೂರ್ತಿ ಎದ್ದಿರುವುದಿಲ್ಲ, ಅದಕ್ಕೇ ಚೆಕ್‌ಲಿಸ್ಟ್ ಓದಿಯೇ ಕೈ ಆಡಿಸುತ್ತೇನೆ.

ಮನಸ್ಸಿಗೆ ಕಷ್ಟ ಆಗುವುದಿಲ್ವಾ?

ಆಗುತ್ತದೆ. ಹಿಂದೆ ಎರಡು ಅಡಿ ದೂರದಲ್ಲಿ ಎದೆ ಒತ್ತುತ್ತಿರುತ್ತಾರೆ, ನಾನು ಮುಂದೆ ನೋಡಿಕೊಂಡು ಗಾಳಿಯ ವೇಗ ಓದುತ್ತಿರಬೇಕು. ಇಂಟರ್‌ಕಾಮ್‌ನಲ್ಲಿ ಹಿಂದಿನವರ ಮಾತು ಕೇಳದ ಹಾಗೆ ಮಾಡುವ ಒಂದು ಸ್ವಿಚ್ ಇದೆ. ಇಳಿಯುವಾಗ ಅದನ್ನು ಬಳಸುತ್ತೇನೆ. ರೋಗಿಗೆ ಆಮೇಲೆ ಏನಾಯಿತು ಅಂತ ಬಹಳ ಸಲ ನಮಗೆ ತಿಳಿಯುವುದೇ ಇಲ್ಲ. ಇಳಿಸಿ, ಒಳಗೆ ತೊಳೆದು, ಇಂಧನ ತುಂಬಿ, ಮತ್ತೆ ಸಿದ್ಧ. ಕಷ್ಟದ ಹಾರಾಟದ ನಂತರ ತಂಡದವರು ಒಟ್ಟಿಗೆ ಕೂತು ಮಾತಾಡುವುದನ್ನು ನಾವು ತಪ್ಪಿಸುವುದಿಲ್ಲ. ಮೊದಮೊದಲು ನಾನು ಸುಮ್ಮನೆ ಎದ್ದು ಹೋಗುತ್ತಿದ್ದೆ. ಅದು ತಪ್ಪು. ನಿದ್ದೆಯಲ್ಲಿ ಬಂದು ಕಾಡಿತು.

ರೋಗಿಯ ಜೊತೆ ಮನೆಯವರು ಬರಬಹುದಾ?

ಸಾಮಾನ್ಯವಾಗಿ ಆಗುವುದಿಲ್ಲ. ತೂಕ, ಜಾಗ ಎರಡೂ ಇರುವುದಿಲ್ಲ. ಮಗುವಿನ ತಾಯಿಯನ್ನೋ ತಂದೆಯನ್ನೋ ಕೆಲವೊಮ್ಮೆ ಕರೆದುಕೊಳ್ಳುತ್ತೇವೆ. ಅದು ಪೈಲಟ್ ತೀರ್ಮಾನ. ಬೇಡ ಅಂದಾಗ ಆ ಮುಖಗಳನ್ನು ನೋಡುವುದು ಈ ಕೆಲಸದ ಬಹಳ ಕಷ್ಟದ ಕ್ಷಣ. ನೀವು ರಸ್ತೆಯಲ್ಲಿ ಬರುವಾಗ ನಮ್ಮನ್ನು ಹಿಡಿಯಲು ವೇಗವಾಗಿ ಓಡಿಸಬೇಡಿ, ದಯವಿಟ್ಟು.

ಹೆಲಿಕಾಪ್ಟರ್ ನಮ್ಮ ಹತ್ತಿರ ಇಳಿಯುತ್ತಿದ್ದರೆ ಏನು ಮಾಡಬೇಕು?

ದೂರ ನಿಲ್ಲಿ, ಮಕ್ಕಳ ಕೈ ಹಿಡಿದುಕೊಳ್ಳಿ. ಟೋಪಿ, ಬಟ್ಟೆ, ಪ್ಲಾಸ್ಟಿಕ್ ಶೀಟು ಯಾವುದೂ ಸಡಿಲವಾಗಿರಬಾರದು, ಹಾರಿ ಬಂದು ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ. ರಾತ್ರಿಯಾದರೆ ಟಾರ್ಚನ್ನು ನಮ್ಮ ಕಡೆ ಬಿಡಬೇಡಿ, ಗಾಗಲ್ ಹಾಕಿದ ಕಣ್ಣಿಗೆ ಏನೂ ಕಾಣದಂತಾಗುತ್ತದೆ. ಡ್ರೋನ್ ಹಾರಿಸಲೇಬೇಡಿ. ಸುತ್ತ ತಂತಿ ಇರುವುದು ನಿಮಗೆ ಗೊತ್ತಿದ್ದರೆ ಅಲ್ಲಿರುವ ಪೊಲೀಸರಿಗೋ ಆಂಬುಲೆನ್ಸಿನವರಿಗೋ ಹೇಳಿ, ಅವರು ರೇಡಿಯೋದಲ್ಲಿ ನಮಗೆ ತಿಳಿಸುತ್ತಾರೆ.

ಇಳಿದ ಮೇಲೂ ಓಡಿ ಬರಬೇಡಿ. ನಮ್ಮವರು ಕೈಬೀಸಿ ಕರೆದರೆ ಮಾತ್ರ, ಪೈಲಟ್‌ಗೆ ಕಾಣುವ ಹಾಗೆ ಮುಂದಿನಿಂದ, ಬಗ್ಗಿ ಬನ್ನಿ. ಬಾಲದ ಕಡೆ ಯಾವತ್ತೂ ಹೋಗಬಾರದು. ಆ ಪುಟ್ಟ ರೆಕ್ಕೆ ತಿರುಗುವ ವೇಗಕ್ಕೆ ಕಣ್ಣಿಗೇ ಕಾಣುವುದಿಲ್ಲ. ಇಳಿಜಾರಿನಲ್ಲಿ ನಿಂತಿದ್ದರೆ ಮೇಲಿನ ಕಡೆಯಿಂದ ಬರಬೇಡಿ, ಅಲ್ಲಿ ನೆಲಕ್ಕೂ ರೆಕ್ಕೆಗೂ ಅಂತರ ಕಡಿಮೆ. ಎಂಜಿನ್ ಆರಿಸಿ ರೆಕ್ಕೆ ನಿಧಾನವಾಗುತ್ತಿರುವಾಗ ಇನ್ನೂ ಜಾಗ್ರತೆ. ವೇಗ ಇಳಿದಂತೆ ಅದು ಜೋತು ಕೆಳಗೆ ಬರುತ್ತದೆ. ಪೂರ್ತಿ ನಿಲ್ಲುವವರೆಗೆ ಇದ್ದಲ್ಲೇ ಇರಿ.